ಡಿಇಎಫ್ ಬಕೆಟ್ ಗುಡ್ಡೆ

2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದಮೇಲೆ ಲಾರಿ ಹೊಗೆ ಕಮ್ಮಿಯಾಯ್ತು, ಗುಜರಿ ಅಂಗಡಿ ಮುಂದೆ ಖಾಲಿ ಡಿಇಎಫ್ ಬಕೆಟ್ ಜಾಸ್ತಿಯಾಯ್ತು. ಡಿಇಎಫ್ ಅಂದ್ರೆ ಡೀಸೆಲ್ ಗಾಡಿಯ ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕಿಗೆ ಹಾಕೋ ಯೂರಿಯಾ ದ್ರಾವಣ. 100 ಲೀಟರ್ ಡೀಸೆಲ್‌ಗೆ ಸುಮಾರು 4-5 ಲೀಟರ್ ಡಿಇಎಫ್ ಬೇಕು. ಲೀಟರಿಗೆ 4 ಕಿಮೀ ಕೊಡೋ ಲಾರಿಗೆ 20 ಲೀಟರ್ ಬಕೆಟ್ ಹೆಚ್ಚೆಂದರೆ 2000 ಕಿಮೀ. ಒಳಗಿರೋದು 32.5% ಯೂರಿಯಾ, ಮಿಕ್ಕಿದ್ದೆಲ್ಲ ಖನಿಜ ತೆಗೆದ ನೀರು. ನೀರು ಹೊರೋಕೆ ಇಷ್ಟೊಂದು ಗಟ್ಟಿ ಪ್ಲಾಸ್ಟಿಕ್ಕು!

ನಾಲ್ಕೈದು ಗಾಡಿ ಇರೋರಿಗೆ ಬಕೆಟ್ ಬದಲು 210 ಲೀಟರ್ ಡ್ರಮ್ಮು, ಒಂದು ಕೈಪಂಪು ಸಾಕು. ದೊಡ್ಡ ಶೆಡ್ಡಿಗೆ 1000 ಲೀಟರ್ ಐಬಿಸಿ ಟ್ಯಾಂಕ್ (ಜಾಲರಿ ಚೌಕಟ್ಟಿನೊಳಗಿನ ದೊಡ್ಡ ಪ್ಲಾಸ್ಟಿಕ್ ತೊಟ್ಟಿ). ಪಂಪು, ಪೈಪು ಪ್ಲಾಸ್ಟಿಕ್ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಹಿತ್ತಾಳೆ ನಲ್ಲಿ, ಜಿಐ ಪೈಪ್ ಬೇಡವೇ ಬೇಡ: ಯೂರಿಯಾ ದ್ರಾವಣ ಅವನ್ನು ಕೊರೆಯುತ್ತೆ, ಕರಗಿದ ಲೋಹ, ಹೊಗೆ ಶುದ್ಧ ಮಾಡೋ ಎಸ್‌ಸಿಆರ್ ಕ್ಯಾಟಲಿಸ್ಟ್ ಕೆಡಿಸುತ್ತೆ. ಡಿಇಎಫ್ ಅನ್ನು ನೆರಳಲ್ಲಿ, 30 ಡಿಗ್ರಿ ಒಳಗಿದ್ರೆ ಒಂದು ವರ್ಷ ಇಡಬಹುದು. 35 ಡಿಗ್ರಿ ಆದ್ರೆ ಆರು ತಿಂಗಳು. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ತಗಡಿನ ಶೆಡ್ಡಲ್ಲಿಟ್ಟು ವರ್ಷದ ಲೆಕ್ಕ ಹಿಡೀಬೇಡಿ.

ಖಾಲಿ ಬಕೆಟ್ಟಿಗೆ ಡೀಸೆಲ್ ಹಾಕಿ, ಆಮೇಲೆ ಅದರಲ್ಲೇ ಡಿಇಎಫ್ ತರೋದು ದುಬಾರಿ ಜಾಣತನ. ಒಂಚೂರು ಡೀಸೆಲ್ ಹೋದ್ರೂ ಡಿಇಎಫ್ ಪಂಪಿನ ರಬ್ಬರ್ ಸೀಲ್ ಊದ್ಕೊಳ್ಳುತ್ತೆ. ನಲ್ಲಿ ನೀರಲ್ಲಿ ತೊಳೆದು ಮತ್ತೆ ತುಂಬಿಸಿದ್ರೆ ಕ್ಯಾಲ್ಸಿಯಂ ಒಳಗೆ ಸೇರುತ್ತೆ.

ಗುಜರಿಗೆ ಕೊಡೋ ಮುಂಚೆ ಮಾತ್ರ ತೊಳೀರಿ, ಬಾಯಿ ಸುತ್ತ ಕಟ್ಟಿರೋ ಬಿಳಿ ಹರಳು ಬಿಸಿನೀರಿಗೆ ಕರಗುತ್ತೆ. ಆ ನೀರು ತೆಂಗಿನ ಬುಡಕ್ಕೆ ಹೋದ್ರೂ ನಡೆಯುತ್ತೆ. ತಳದಲ್ಲಿ ತ್ರಿಕೋನದೊಳಗೆ 2 ಅಂತಿದ್ರೆ ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ಕು, ಗುಜರಿಯವರು ಬೇರೆ ಇಡ್ತಾರೆ.