ನಾಳಿನ ಪಲ್ಯಾ ಇವತ್ತ ರಾತ್ರಿನ ನೆನೆ ಹಾಕ್ರಿ

ನಮ್ಮ ಮನ್ಯಾಗ ರಾತ್ರಿ ಊಟ ಮುಗದು ಗ್ಯಾಸ್ ಕಟ್ಟಿ ಒರಸಿದ ಮ್ಯಾಲೆ ಒಂದು ಕೆಲಸ ತಪ್ಪಂಗಿಲ್ಲ, ಒಂದು ಬಟ್ಟಲ ಕಾಳು ತೊಳದು ನೀರಾಗ ಹಾಕೋದು. ಹೆಸರ ಕಾಳು, ಇಲ್ಲಾ ಮಡಕಿ ಕಾಳು, ಇಲ್ಲಾ ಅಲಸಂದಿ, ಯಾವ ಡಬ್ಬಿ ಕೈಗೆ ಸಿಗ್ತೈತೋ ಅದು. ಮುಂಜಾನೆ ಎದ್ದ ಕೂಡಲೇ ಇವತ್ತ ಏನ್ ಪಲ್ಯಾ ಅನ್ನೋ ಚಿಂತಿ ಇರಂಗಿಲ್ಲ, ಅದು ರಾತ್ರಿನ ತೀರ್ಮಾನ ಆಗಿರ್ತೈತಿ. ನನ್ನ ತಮ್ಮನ ಮಗಳು ಮದುವಿ ಆಗಿ ಪುಣೆಕ್ಕ ಹೋದಾಗಿಂದ ಆಕಿ ಕೇಳೋದೂ ಇದನ್ನ, "ಅತ್ತಿ, ಇಬ್ರೂ ಒಂಬತ್ತಕ್ಕ ಮನಿ ಬಿಡಬೇಕು, ದಿನಾ ಏನ್ ಮಾಡ್ಲಿ?" ಅಂತ. ಫೋನಿನ್ಯಾಗ ತುಣುಕು ತುಣುಕು ಹೇಳಿದ್ದನ್ನೆಲ್ಲಾ ಒಂದ ಕಡೆ ಬರದಿಡೋಣ ಅಂತ ಕುಂತೀನಿ, ಆಕಿಗೂ ಆತು, ಊರು ಬಿಟ್ಟು ದೂರ ಇರೋ ನಮ್ಮ ಕಡೆ ಹುಡುಗ ಹುಡುಗೀರಿಗೂ ಆತು.

ಹುಬ್ಬಳ್ಳಿ ಧಾರವಾಡದ ಖಾನಾವಳಿಯಾಗ ಉಂಡವರಿಗೆ ನಮ್ಮ ತಾಟು ಹೆಂಗಿರ್ತೈತಿ ಅಂತ ಹೇಳೋದು ಬ್ಯಾಡ. ರೊಟ್ಟಿ, ಒಂದು ಕಾಳಿನ ಪಲ್ಯಾ, ಒಂದು ಕಾಯಿಪಲ್ಯಾ, ಹಿಂಡಿ (ಚಟ್ನಿ ಪುಡಿ), ಮಸರು, ಉಳ್ಳಾಗಡ್ಡಿ, ಸೌತಿಕಾಯಿ, ಕಡೀಕ ಅನ್ನ ಸಾರು. ಮನ್ಯಾಗ ದಿನಾ ಇಷ್ಟೆಲ್ಲಾ ಮಾಡಾಕ ಆಗಂಗಿಲ್ಲ, ಮಾಡಬೇಕಂತಲೂ ಇಲ್ಲ. ಬಿಸಿ ಪಲ್ಯಾ ಒಂದು, ಡಬ್ಬಿಯೊಳಗಿನ ಹಿಂಡಿ ಒಂದು, ಬೇಯಿಸದ ಹಸೀದು ಒಂದು, ಇಷ್ಟಿದ್ರ ಊಟ ಪೂರಾ ಆಗ್ತೈತಿ. ಇದ್ರಾಗ ಒಲಿ ಮುಂದ ನಿಂತು ಮಾಡೋದು ಒಂದ ನೋಡ್ರಿ, ಉಳಿದದ್ದೆಲ್ಲಾ ಮೊದಲ ಮಾಡಿಟ್ಟಿದ್ದು ಇಲ್ಲಾ ಬರೇ ಹೆಚ್ಚಿ ಇಡೋದು.

ಮೊದಲ ಕಾಳಿನ ಪಲ್ಯಾ ಹೇಳ್ತೀನಿ, ಯಾಕಂದ್ರ ಒಂದ ಕುಕ್ಕರಿನ್ಯಾಗ ಎರಡು ಅಡಿಗಿ ಆಗ್ತಾವ. ನಾಲ್ಕು ಮಂದಿಗೆ ಒಂದು ಬಟ್ಟಲ ಹೆಸರ ಕಾಳು ಸಾಕು, ರಾತ್ರಿ ನೆನದದ್ದನ್ನ ಮುಂಜಾನೆ ಒಂದಿಷ್ಟು ನೀರು ಜಾಸ್ತಿನ ಹಾಕಿ, ಉಪ್ಪು ಹಾಕದ ಒಂದು ಸೀಟಿ ಹೊಡಸ್ರಿ, ಹೆಸರ ಕಾಳಿಗೆ ಅದಕ್ಕಿಂತ ಜಾಸ್ತಿ ಬ್ಯಾಡ, ಒಡದು ಹಿಟ್ಟಾಗ್ತಾವ. ಆ ನೀರು ಬಸದು ಬ್ಯಾರೆ ಪಾತ್ರೆದಾಗ ಇಡ್ರಿ, ಚೆಲ್ಲಬ್ಯಾಡ್ರಿ. ಬಾಣಲಿಯೊಳಗ ಎಣ್ಣಿ ಕಾಸಿ ಸಾಸಿವಿ, ಜೀರಗಿ, ಕರಿಬೇವು, ಜಜ್ಜಿದ ಬಳ್ಳೊಳ್ಳಿ ಆರೇಳು ಎಸಳು, ಆಮ್ಯಾಲೆ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಕೆಂಪಾದ ಮ್ಯಾಲೆ ಅರಿಷಿಣ, ಒಂದೂವರಿ ಚಮಚ ಮಸಾಲಿ ಖಾರ, ಬೇಕಾದ್ರ ಒಂದು ಟೊಮ್ಯಾಟೊ, ಉಪ್ಪು, ಒಂದು ಚೂರು ಬೆಲ್ಲ, ಕಾಳು ಹಾಕಿ ಐದು ನಿಮಿಷ ಸಣ್ಣ ಉರಿ ಮ್ಯಾಲೆ ಬಿಡ್ರಿ. ಕಡೀಕ ಎರಡು ಚಮಚ ಹುರದ ಶೇಂಗಾ ಪುಡಿ ಹಾಕಿದ್ರ ಪಲ್ಯಾ ಮೈತುಂಬಿ ಬರ್ತೈತಿ, ರೊಟ್ಟಿಗೆ ಚಲೋ ಹತ್ಕೊಂತೈತಿ. ಅತ್ತ ಬಸದಿಟ್ಟ ಕಾಳಿನ ನೀರಿಗೆ ಹುಣಸಿ ರಸ, ಖಾರ, ಉಪ್ಪು, ಬೆಲ್ಲ ಹಾಕಿ ಕುದಿಸಿ ಒಂದು ಮುಟಗಿ ಕಾಳು ಹಿಚುಕಿ ಸೇರಿಸಿ ಬಳ್ಳೊಳ್ಳಿ ಒಗ್ಗರಣಿ ಕೊಟ್ರ ರಾತ್ರಿ ಅನ್ನಕ್ಕ ಸಾರು ಆತು. ಗದಗಿನ ಕಡೆ ಮುಂಗಾರಿನ್ಯಾಗ ಬಿತ್ತಿದ ಹೆಸರು ಆಗಸ್ಟಿನ್ಯಾಗ ಕೊಯ್ಲಿಗೆ ಬರ್ತೈತಿ, ಹೊಸಾ ಕಾಳು ಸಿಕ್ಕಾಗ ಒಂದು ಸರ್ತಿ ಮಾಡಿ ನೋಡ್ರಿ, ಹಳೇ ಕಾಳಿಗೂ ಅದಕ್ಕೂ ವಾಸನಿಯಾಗನ ಫರಕು ಗೊತ್ತಾಗ್ತೈತಿ, ಬೇಯಾಕೂ ಲಗೂನ ಬೇಯ್ತಾವ.

ಮಡಕಿ ಕಾಳಾದ್ರ ನಾನು ಮೊಳಕಿ ಬರಸ್ತೀನಿ. ರಾತ್ರಿ ನೆನೆ ಹಾಕಿ ಮುಂಜಾನೆ ನೀರು ಬಸದು ಹಸಿ ಅರಬ್ಯಾಗ ಕಟ್ಟಿಟ್ರ ಬ್ಯಾಸಿಗಿಯಾಗ ಸಂಜಿಗೇ ಮೊಳಕಿ ಕಾಣ್ತಾವ, ಚಳಿಗಾಲದಾಗ ಮತ್ತೊಂದು ರಾತ್ರಿ ಬೇಕು. ಮೊಳಕಿ ಬಂದದ್ದನ್ನ ಕುಕ್ಕರಿಗೆ ಹಾಕೋದು ಬ್ಯಾಡ, ಒಗ್ಗರಣಿಯಾಗ ಹಾಕಿ ಒಂಚೂರು ನೀರು ಚಿಮುಕಿಸಿ ಮುಚ್ಚಿಟ್ರ ಅಷ್ಟರಾಗನ ಬೇಯ್ತಾವ.

ರೊಟ್ಟಿ ವಿಷಯಕ್ಕ ಬರ್ತೀನಿ. ಆಕಿ ಫೋನಿನ್ಯಾಗ ಭಾಳ ಬ್ಯಾಸರ ಮಾಡ್ಕೊಂಡದ್ದು ಇದಕ್ಕ, ಬಡಿಯಾಕ ಹೋದ್ರ ಅಂಚು ಸೀಳ್ತಾವಂತ. ಗೋದಿ ಹಿಟ್ಟಿನ್ಯಾಗ ಗ್ಲುಟನ್ ಇರ್ತೈತಿ, ನಾದಿದಂಗ ಅದು ಎಳಿ ಹಿಡಿತೈತಿ, ಜ್ವಾಳದಾಗ ಅದು ಇಲ್ಲ. ಜ್ವಾಳದ ಹಿಟ್ಟು ಕೂಡಬೇಕಂದ್ರ ಕುದಿಯೋ ಎಸರು ಬೀಳಬೇಕು, ಆ ಬಿಸಿಗೆ ಹಿಟ್ಟಿನ್ಯಾಗಿನ ಪಿಷ್ಟ ಬೆಂದು ಅಂಟು ಬಿಡ್ತೈತಿ, ಅದ ಅಂಟಿನ ಮ್ಯಾಲೆ ರೊಟ್ಟಿ ನಿಂದಿರ್ತೈತಿ. ಅದಕ್ಕ ಉಗುರುಬೆಚ್ಚಗಿನ ನೀರು ನಡಿಯಂಗಿಲ್ಲ, ಗುಳ್ಳಿ ಏಳೋ ನೀರ ಬೇಕು. ಹಿಟ್ಟಿನ ನಡುವ ಗುಂಡಿ ಮಾಡಿ ಎಸರು ಹಾಕಿ ಚಮಚದಿಂದ ಕಲಸಿ, ಕೈಗೆ ತಾಳೋವಷ್ಟು ಆರಿದ ಮ್ಯಾಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು, ಇಲ್ಲಿ ಮೈಗಳ್ಳತನ ಮಾಡಿದ್ರ ಅಂಚು ಸೀಳೋದು ಗ್ಯಾರಂಟಿ. ಎರಡನೇದು ಹಿಟ್ಟು ಹೊಸದಿರಬೇಕು, ಗಿರಣಿಗೆ ಹಾಕಿಸಿ ಹದಿನೈದು ಇಪ್ಪತ್ತು ದಿನದೊಳಗ ಮುಗಿಯೋವಷ್ಟ ಬೀಸಿಸ್ರಿ, ತಿಂಗಳಗಟ್ಟಲೆ ಇಟ್ಟ ಹಿಟ್ಟಿನ ಅಂಟು ಹೋಗಿ ರುಚಿನೂ ಕಹಿ ಆಗ್ತೈತಿ. ಪುಣೆಯಾಗ ಜ್ವಾಳಕ್ಕೇನು ಬರ ಇಲ್ಲ, ಮಾಲದಂಡಿ ಅಂತ ಕೇಳಿ ತಗೋರಿ, ನಮ್ಮ ನವಲಗುಂದ, ಅಣ್ಣಿಗೇರಿ, ರೋಣದ ಎರಿ ಹೊಲದಾಗ ಹಿಂಗಾರಿನ್ಯಾಗ ಬೆಳಿಯೋ ಬಿಳಿಜ್ವಾಳದಾಗ ಅದ ಮುಖ್ಯ, ರೊಟ್ಟಿ ಬೆಳ್ಳಗ, ಮೆತ್ತಗ ಬರ್ತಾವ. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದಾಗ ಜ್ವಾಳಕ್ಕೂ ದೊಡ್ಡ ಹೆಸರು ಬಂತು, ಅದು ಸಂತೋಷದ ವಿಷಯ, ಬೆಳಿಯೋ ನಮ್ಮ ರೈತರಿಗೂ ಅದರಿಂದ ಚಲೋ ಆಗಲಿ ಅಂತ ನನ್ನಾಸಿ.

ಮತ್ತ, ದಿನಾ ಬಡಿಯಾಕ ಆಗ್ಲಿಲ್ಲಂದ್ರ ಕೊಂಡು ತರ್ರಿ. ಹುಬ್ಬಳ್ಳಿ ಧಾರವಾಡದಾಗ ಮನ್ಯಾಗ ರೊಟ್ಟಿ ಬಡದು ಮಾರಿ ಮಕ್ಳನ್ನ ಓದಿಸಿದ ಹೆಣ್ಣಮಕ್ಳು ಓಣಿಗೊಬ್ರು ಸಿಗ್ತಾರ, ಅವ್ರ ಕೈ ರೊಟ್ಟಿ ತಗೊಳ್ಳಾಕ ಯಾವ ಸಂಕೋಚನೂ ಬ್ಯಾಡ. ಖಡಕ್ ರೊಟ್ಟಿ ತಂದಿಟ್ರ ತಿಂಗಳಾನುಗಟ್ಟಲೆ ಇರ್ತಾವ, ಊರಿಗೆ ಬಂದಾಗ ಬ್ಯಾಗಿನ್ಯಾಗ ಒಂದು ಕಟ್ಟು ಹಾಕ್ಕೊಂಡು ಹೋಗ್ರಿ.

ಇನ್ನ ಹಿಂಡಿ. ನನ್ನ ಕೇಳಿದ್ರ ಕೆಲಸಕ್ಕ ಹೋಗೋರ ಮನಿ ಅಡಿಗಿ ನಡಸೋದು ಹಿಂಡಿ ಡಬ್ಬಿನ. ಶೇಂಗಾ ಹಿಂಡಿಗೆ ಎರಡು ಬಟ್ಟಲ ಶೇಂಗಾ ಸಣ್ಣ ಉರಿ ಮ್ಯಾಲೆ ಸಾವಕಾಶ ಹುರದು ಸಿಪ್ಪಿ ತಿಕ್ಕಿ ಹಾರಿಸಿ, ಪೂರಾ ಆರಿದ ಮ್ಯಾಲೆ ಹತ್ತು ಎಸಳು ಬಳ್ಳೊಳ್ಳಿ, ಎರಡು ದೊಡ್ಡ ಚಮಚ ಖಾರಪುಡಿ, ಒಂದು ಚಮಚ ಜೀರಗಿ, ಉಪ್ಪು, ಹುಣಸಿ ಹಣ್ಣು ಒಂಚೂರು. ಕಲ್ಲಿನ್ಯಾಗ ಕುಟ್ಟಿದ್ರ ಬರೋ ರುಚಿನ ಬ್ಯಾರೆ ಖರೆ, ಆದ್ರ ಮಿಕ್ಸರಿನ್ಯಾಗ ಮಾಡೋರು ಒಮ್ಮೆಲೆ ತಿರುಗಿಸಬ್ಯಾಡ್ರಿ, ತಡದು ತಡದು ಒತ್ರಿ, ಒಂದ ಸಮ ತಿರುಗಿಸಿದ್ರ ಬಿಸಿ ಆಗಿ ಶೇಂಗಾ ಎಣ್ಣಿ ಬಿಟ್ಟು ಮುದ್ದಿ ಆಗ್ತೈತಿ. ಗುರೆಳ್ಳ ಹಿಂಡಿನೂ ಹಿಂಗ, ಗುರೆಳ್ಳು ಚಟಪಟ ಅನ್ನೋತನಾ ಹುರದ್ರ ಸಾಕು. ಅಗಸಿ ಹಿಂಡಿ ಮಾತ್ರ ಸಣ್ಣ ಡಬ್ಬಿ ತುಂಬೋವಷ್ಟ ಮಾಡ್ರಿ, ಪುಡಿ ಮಾಡಿದ ಅಗಸಿ ಲಗೂನ ಕಮಟು ವಾಸನಿ ಹೊಡಿತೈತಿ, ಇಡಿ ಕಾಳು ಇಟ್ಕೊಂಡು ಬೇಕಾದಾಗ ಹುರದು ಪುಡಿ ಮಾಡೋದು ಚಲೋ.

ಖಾರಪುಡಿ ಅಂದ್ರ ನಾನು ಬ್ಯಾಡಗಿ ಮೆಣಸಿನಕಾಯಿ ಬಿಟ್ಟು ಬ್ಯಾರೇದು ಒಪ್ಪಂಗಿಲ್ಲ. ಹಾವೇರಿ ಜಿಲ್ಲೆದ ಬ್ಯಾಡಗಿ ಹೆಸರಿನ ಈ ಕಾಯಿಗೆ 2011ರಾಗ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ತು. ಬಣ್ಣ ಗಾಢ, ಖಾರ ಕಡಿಮಿ, ಅದಕ್ಕ ಮಕ್ಳು ಇರೋ ಮನಿಗೂ ನಡಿತೈತಿ, ಪಲ್ಯಾ ಕೆಂಪಗ ಕಾಣ್ತೈತಿ ಆದ್ರ ನಾಲಿಗಿ ಉರಿಯಂಗಿಲ್ಲ. ಡಬ್ಬಿ, ಕಡ್ಡಿ ಅಂತ ಎರಡು ನಮೂನಿ ಬರ್ತಾವ, ಡಬ್ಬಿ ಗಿಡ್ಡ, ದಪ್ಪ, ಬಣ್ಣ ಜಾಸ್ತಿ, ಕಡ್ಡಿ ಉದ್ದಕ ತೆಳ್ಳಗ, ಮೈ ತುಂಬ ಸುಕ್ಕು. ನಾವು ಬ್ಯಾಸಿಗಿಯಾಗ ವರ್ಷದ ಖಾರ ಮಾಡಿಸುವಾಗ ಬ್ಯಾಡಗಿ ಜಾಸ್ತಿ ಹಾಕಿ, ಖಾರಕ್ಕಂತ ಗುಂಟೂರು ಸ್ವಲ್ಪ ಕೂಡಸ್ತೇವಿ. ಪ್ಯಾಕೆಟ್ ಖಾರ ತಗೊಳ್ಳೋಕಿಂತ ಒಂದು ಕಿಲೋ ಕಾಯಿ ತಗೊಂಡು ತೊಟ್ಟು ತಗದು ಬಿಸಿಲಿಗೆ ಹಾಕಿ ಗಿರಣಿಯಾಗ ಕುಟ್ಟಿಸ್ಕೋರಿ, ಆ ಘಮಾ ಬ್ಯಾರೆ ಯಾವುದ್ರಾಗೂ ಬರಂಗಿಲ್ಲ.

ಕಾಳು ನೆನೆ ಹಾಕೋದು ಮರತ ದಿನ ಜುಣಕ ಐತಲ್ಲ. ಹತ್ತು ನಿಮಿಷದ ಕೆಲಸ. ಸಾಸಿವಿ, ಜೀರಗಿ, ಬಳ್ಳೊಳ್ಳಿ, ಹಸಿ ಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ ಹುರದು, ಒಂದು ಬಟ್ಟಲ ಕಡ್ಲಿ ಹಿಟ್ಟಿಗೆ ಒಂದೂವರಿ ಬಟ್ಟಲ ನೀರಿನ ಲೆಕ್ಕ, ಅರಿಷಿಣ ಉಪ್ಪು ಹಾಕಿ ನೀರು ಕುದಿ ಬಂದ ಮ್ಯಾಲೆ ಉರಿ ಸಣ್ಣ ಮಾಡಿ ಒಂದು ಕೈಲೆ ಹಿಟ್ಟು ಉದುರಿಸ್ಕೊಂತ ಮತ್ತೊಂದು ಕೈಲೆ ತಿರುವಬೇಕು. ಗಂಟಾಗೋ ಅಂಜಿಕಿ ಇದ್ರ ಹಿಟ್ಟನ್ನ ಮೊದಲ ತಣ್ಣೀರಾಗ ಕಲಸಿ ಸುರವಿ ಬಿಡ್ರಿ, ರುಚಿ ಏನೂ ಕೆಡಂಗಿಲ್ಲ. ಮುಚ್ಚಿ ನಾಲ್ಕೈದು ನಿಮಿಷ ದಮ್ ಬರಲಿ, ಹಸಿ ಹಿಟ್ಟಿನ ವಾಸನಿ ಹೋಗಬೇಕು, ಅಲ್ಲೀತನಾ ಇಳಸಬ್ಯಾಡ್ರಿ. ಮ್ಯಾಲೆ ಕೊತ್ತಂಬರಿ, ಒಂದು ಚಮಚ ಹಸಿ ಎಣ್ಣಿ. ಉಳದ್ರ ತಾಟಿಗೆ ಹಚ್ಚಿ ವಡಿ ಕೊಯ್ರಿ, ಡಬ್ಬಿಗೆ ಕಟ್ಟಾಕ ಅನುಕೂಲ.

ಪುಂಡಿ ಅಂದ್ರ ಹುಳಿ ಸೊಪ್ಪು (ಗೋಂಗುರ), ಅದರ ಪಲ್ಯಾ ಮಾಡಾಕ ಅಂಜೋರು ಭಾಳ, ಬ್ಯಾಳಿ ಬೇಯಂಗಿಲ್ಲ ಅಂತಾರ. ಹುಳಿ ಕೂಡಿದ್ರ ಬ್ಯಾಳಿ ಮೆತ್ತಗಾಗಾಕ ತಡಾ ಮಾಡ್ತೈತಿ, ಹಂಗಾಗಿ ಸೊಪ್ಪು ಬ್ಯಾಳಿ ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಬ್ಯಾಡ್ರಿ. ಒಂದು ಹಿಡಿ ತೊಗರಿ ಬ್ಯಾಳಿ, ಒಂದು ಹಿಡಿ ಜ್ವಾಳದ ನುಚ್ಚು ಕೂಡಿಸಿ ಮೆತ್ತಗ ಬೇಯಿಸ್ಕೋರಿ. ಪುಂಡಿ ಸೊಪ್ಪು ಒಂದು ದೊಡ್ಡ ಕಟ್ಟು, ಎಲಿ ಅಷ್ಟ ಬಿಡಿಸಿ ಬ್ಯಾರೆ ಕುದಿಸಿ, ಹುಳಿ ಜಾಸ್ತಿ ಅನಿಸಿದ್ರ ನೀರು ಬಸದು ಬಿಡ್ರಿ, ಹಸಿ ಮೆಣಸಿನಕಾಯಿ ಹಾಕಿ ಎಲ್ಲಾ ಕೂಡಿಸಿ ಕಡಗೋಲಿನಿಂದ ಮಸೀರಿ. ಒಗ್ಗರಣಿಗೆ ಬಳ್ಳೊಳ್ಳಿ ಕೈ ಹಿಡದು ಹಾಕಬ್ಯಾಡ್ರಿ, ಒಂದು ಗಡ್ಡಿ ಪೂರಾ ಹೋಗಲಿ, ಶೇಂಗಾನೂ ಎಣ್ಣಿಯಾಗ ಹುರದು ಹಾಕ್ರಿ. ಮುಂಜಾನೆ ಮಾಡಿದ್ದಕ್ಕಿಂತ ರಾತ್ರಿ ಉಣ್ಣೋದ ರುಚಿ, ಮರುದಿನ ಇನ್ನೂ ರುಚಿ. ಸ್ಟೀಲ್ ಪಾತ್ರಿನ ಬಳಸ್ರಿ, ಅಲ್ಯುಮಿನಿಯಂ ಪಾತ್ರೆಗೆ ಈ ಹುಳಿ ಹೊಂದಂಗಿಲ್ಲ.

ಹಸೀದು ಅಂದ್ರ ಏನು ಅಂತ ಆಕಿ ಕೇಳಿದ್ಲು. ಮೆಂತೆ ಸೊಪ್ಪು ಸಣ್ಣಗ ಹೆಚ್ಚಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ನಿಂಬೆ ಹುಳಿ, ಹಸಿ ಎಣ್ಣಿ ಕಲಸಿದ್ರ ಪಚಡಿ ಆತು. ಚಳಿಗಾಲದಾಗ ಧಾರವಾಡ ಸಂತ್ಯಾಗ ಹಕ್ಕರಕಿ ಸೊಪ್ಪು ಬರ್ತೈತಿ, ಅದನ್ನ ತೊಳದು ಹಂಗ ರೊಟ್ಟಿ ಸಂಗತಿ ಕಡಿಯೋದು, ಅದಕ್ಕ ರೆಸಿಪಿ ಏನೂ ಇಲ್ಲ. ಮೂಲಂಗಿ, ಸೌತಿಕಾಯಿ, ಗಜ್ಜರಿ ಯಾವುದಾದ್ರೂ ನಡಿತೈತಿ.

ಎಣ್ಣಗಾಯಿ ದಿನಾ ಮಾಡೋದಲ್ಲ ಅಂತಾರ, ನಾನು ಒಪ್ಪಂಗಿಲ್ಲ. ತುಂಬಾಕ ಹೊತ್ತು ಹಿಡಿತೈತಿ ಅಷ್ಟ. ಬದನಿಕಾಯಿ ನಾಲ್ಕು ಹೋಳು ಮಾಡಿ ಉಪ್ಪು ನೀರಾಗ ಹಾಕಿಡ್ರಿ, ಶೇಂಗಾ ಪುಡಿ, ಗುರೆಳ್ಳ ಪುಡಿ, ಒಣ ಕೊಬ್ರಿ, ಮಸಾಲಿ ಖಾರ, ಹುಣಸಿ ರಸ, ಬೆಲ್ಲ, ಉಪ್ಪು ಎಲ್ಲಾ ಒಂದು ಬಟ್ಟಲದಾಗ ಕಲಸಿ, ಹೋಳು ಎಣ್ಣಿಯಾಗ ಅರ್ಧ ಬೆಂದ ಮ್ಯಾಲೆ ಸುರವಿ, ಒಂದಿಷ್ಟು ನೀರು ಹಾಕಿ ಎಣ್ಣಿ ತೇಲೋತನಾ ಬಿಡ್ರಿ. ತುಂಬಿದ ಕಾಯಿ ಹಬ್ಬಕ್ಕ ಇರಲಿ, ರುಚಿ ಮಾತ್ರ ಇದ್ರಾಗೂ ಪೂರಾ ಬರ್ತೈತಿ.

ಮಕ್ಳು ರೊಟ್ಟಿ ಒಲ್ಲೆ ಅಂದ್ರ ಮುಟಗಿ ಮಾಡಿಕೊಡ್ರಿ. ರೊಟ್ಟಿ ಸ್ವಲ್ಪ ದಪ್ಪ ಬಡದು, ಹಂಚಿನಿಂದ ತಗದ ಕೂಡಲೇ ಬಿಸಿ ಇದ್ದಾಗನ ಮುರದು, ಬಳ್ಳೊಳ್ಳಿ, ಜೀರಗಿ, ಉಪ್ಪು, ಒಂದು ಚಿಟಿಕಿ ಖಾರ ಸೇರಿಸಿ ಜಜ್ಜಿ, ತುಪ್ಪ ಹಾಕಿ ಮುಟಗಿಯಾಗ ಹಿಡದು ಉಂಡಿ ಕಟ್ರಿ. ನಮ್ಮ ಮನಿ ಹುಡುಗ್ರು ಇದನ್ನ ಪಲ್ಯಾ ಇಲ್ಲದನ ಉಣ್ತಾರ. ಬಿಸಿ ಇಲ್ಲದ ರೊಟ್ಟಿಗೆ ಮುಟಗಿ ಆಗಂಗಿಲ್ಲ, ಹಳೇ ರೊಟ್ಟಿ ಉಳದಿದ್ರ ಪುಡಿ ಮಾಡಿ ಮಜ್ಜಿಗಿ ಚಿಮುಕಿಸಿ ಉಳ್ಳಾಗಡ್ಡಿ ಒಗ್ಗರಣಿಯಾಗ ಹುರೀರಿ, ಸಂಜಿ ಚಹಾದ ಹೊತ್ತಿಗೆ ಅದ ನಾಷ್ಟಾ.

ಪುಣೆದಾಕಿಗೆ ಮತ್ತೊಂದು ಮಾತು, ಇಬ್ರ ಮನಿಗೆ ಕಾಳು ಅರ್ಧ ಬಟ್ಟಲ ಸಾಕವ್ವಾ, ಹಿಂಡಿನೂ ಅರ್ಧ ಅಳತಿ ಹಿಡಿ. ಮಸಾಲಿ ಖಾರ ಮುಗದ್ರ ಅಲ್ಲಿ ಕೊಳ್ಳಬ್ಯಾಡ, ನಿಮ್ಮ ಕಾಕಾ ಮುಂದಿನ ವಾರ ಆ ಕಡೆ ಬರೋರದಾರ, ಅವ್ರ ಕೈಯಾಗ ಖಾರದ ಡಬ್ಬಿ, ಒಂದು ಕಿಲೋ ಮಡಕಿ ಕಾಳು ಕೊಟ್ಟು ಕಳಸ್ತೀನಿ.