ಸಲಗಗಳು ಜಾರಿ ಬಿದ್ದ ಗುಂಡಿ

15 ಜುಲೈ 2023, ಶನಿವಾರ
ಹಾಟ್ ಸ್ಪ್ರಿಂಗ್ಸ್, ಸೌತ್ ಡಕೋಟ, ಅಮೆರಿಕ

ಇವತ್ತು ಊಟಕ್ಕೆ ಮೂರು ಗಂಟೆಯಾಯಿತು. ಅಪ್ಪ ಮ್ಯಾಮತ್ ಗುಂಡಿ ಬಿಟ್ಟು ಕದಲಿದರೆ ತಾನೆ! ಮ್ಯಾಮತ್ ಅಂದರೆ ಈಗ ಅಳಿದುಹೋಗಿರುವ, ಆನೆಯ ಬಳಗದ ಪ್ರಾಣಿ; ಅವುಗಳ ಮೂಳೆ ಸಿಕ್ಕ ಗುಂಡಿ ಇದು.

1974ರಲ್ಲಿ ಇಲ್ಲಿ ಮನೆ ಕಟ್ಟೋಕೆ ದಿಬ್ಬ ಸಮ ಮಾಡುತ್ತಿದ್ದಾಗ ಜಾರ್ಜ್ ಹ್ಯಾನ್ಸನ್ ಎಂಬಾತನ ಯಂತ್ರದ ಬ್ಲೇಡಿಗೆ ಏನೋ ಬೆಳ್ಳಗೆ ಹೊಳೆಯುವಂಥದ್ದು ತಾಗಿತಂತೆ. ನೋಡಿದರೆ ದಂತ, ಉದ್ದಕ್ಕೆ ಸೀಳಿಹೋಗಿತ್ತು. ಆಮೇಲೆ ಲ್ಯಾರಿ ಏಜೆನ್‌ಬ್ರಾಡ್ ಎಂಬ ವಿಜ್ಞಾನಿ ಬಂದು ಅಗೆತ ಶುರುಮಾಡಿದರು. ಜಾಗದ ಯಜಮಾನ ಲಾಭ ನೋಡದೆ ಅಸಲಿಗೇ ಭೂಮಿ ಬಿಟ್ಟುಕೊಟ್ಟ. ನಮ್ಮ ಕಡೆ ಆಗಿದ್ದರೆ ರಾತ್ರೋರಾತ್ರಿ ಸೈಟು ಹಂಚಿ ಮುಗಿಸಿರುತ್ತಿದ್ದರು ಅಂತ ಅಪ್ಪನ ಟಿಪ್ಪಣಿ.

ಮೂಳೆಗಳನ್ನು ಬಿದ್ದಲ್ಲೇ ಬಿಟ್ಟು ಮೇಲೆ ಚಾವಣಿ ಹಾಕಿದ್ದಾರೆ. ನನಗೆ ತುಂಬ ಹಿಡಿಸಿದ್ದು ಇದೇ. ಮ್ಯೂಸಿಯಮ್ಮಿನಲ್ಲಿ ತಂತಿ ಕಟ್ಟಿ ನಿಲ್ಲಿಸಿದ ಅಸ್ಥಿಪಂಜರ ಪ್ರಾಣಿ ಹೇಗಿತ್ತು ಅನ್ನುತ್ತದೆ. ಇಲ್ಲಿ ಅದು ಹೇಗೆ ಸತ್ತಿತು ಅನ್ನುವುದೂ ಕಾಣುತ್ತದೆ. ಈ ಮೂಳೆಗಳು ಕಲ್ಲಾಗಿಲ್ಲ, ಹಾಗಾಗಿ ಬೇಗ ಪುಡಿಯಾಗುತ್ತವೆ. ಕಟಕಟೆಯ ಕೆಳಗೆ ಒಬ್ಬ ಹುಡುಗಿ ಮಂಡಿಯೂರಿ ಪಕ್ಕೆಲುಬೊಂದರ ಸುತ್ತ ಪುಟ್ಟ ಕರಣೆಯಿಂದ ಮಣ್ಣು ಕೆರೆಯುತ್ತಿದ್ದಳು. ಎರಡು ಸಲ ಕೆರೆತ, ಒಂದು ಸಲ ಬ್ರಷ್ಷು. ಆ ಮಣ್ಣೂ ಎಸೆಯುವ ಹಾಗಿಲ್ಲ. ಇಲಿ, ಕಪ್ಪೆಗಳ ಚೂರು ಮೂಳೆ ಸಿಗಬಹುದು ಅಂತ ಜಾಲರಿಯಲ್ಲಿ ತೊಳೆದು ಸೋಸುತ್ತಾರೆ. ನಾವು ನಿಂತಷ್ಟು ಹೊತ್ತಿನಲ್ಲಿ ಆಕೆ ಬಿಡಿಸಿದ್ದು ಒಂದು ಗೇಣಿಗಿಂತ ಕಮ್ಮಿ.

ನೆಲದಡಿಯ ಸುಣ್ಣಕಲ್ಲಿನ ಗವಿ ಕುಸಿದು ಈ ಗುಂಡಿಯಾಯಿತು, ಬಿಸಿ ನೀರಿನ ಬುಗ್ಗೆ ಅದನ್ನು ತುಂಬಿತು. ನೀರಿಗೋ ಅಂಚಿನ ಹುಲ್ಲಿಗೋ ಇಳಿದ ಆನೆಗೆ ಜಾರುವ ಕೆಂಪು ದಡ ಹತ್ತಿ ಬರಲಾಗುತ್ತಿರಲಿಲ್ಲ. ಈವರೆಗೆ ಸಿಕ್ಕಿದ್ದು 61: ಕೊಲಂಬಿಯನ್ ಮ್ಯಾಮತ್ 58, ಉಣ್ಣೆಗೂದಲಿನವು 3. ಮೊದಲು 26,000 ವರ್ಷ ಹಳೆಯವು ಅಂದುಕೊಂಡಿದ್ದರು. ಈಚಿನ ಲೆಕ್ಕ 1,40,000ದ ಆಸುಪಾಸು.

ಗೈಡ್ ಇನ್ನೂ ಅಲ್ಲಿಗೆ ಬಂದಿರಲಿಲ್ಲ, ಅಪ್ಪ ನನ್ನ ಕಿವಿಯಲ್ಲಿ, "ಎಲ್ಲಾ ಪ್ರಾಯದ ಗಂಡೇ ಇರ್ಬೇಕು ನೋಡು" ಅಂದರು. ಸಕಲೇಶಪುರದ ತೋಟದಲ್ಲಿ ಜೀವಮಾನವೆಲ್ಲ ಆನೆ ಕಾಟ ಕಂಡವರು. ಹಿಂಡಿನಲ್ಲಿ ಹಿರಿ ಹೆಣ್ಣಾನೆ ಎಲ್ಲಿ ಕಾಲಿಡಬೇಕು, ಎಲ್ಲಿ ಬೇಡ ಅಂತ ನೋಡಿಕೊಳ್ಳುತ್ತದೆ. ಹಿಂಡು ಬಿಟ್ಟ ಎಳೆ ಸಲಗಕ್ಕೆ ಹೇಳುವವರಿಲ್ಲ. ಗೈಡ್ ಹೇಳಿದ್ದೂ ಅದೇ: ಸೊಂಟದ ಮೂಳೆ ಅಳೆದು ಗಂಡು ಅಂತಲೂ, ವಯಸ್ಸಾದಂತೆ ಒಂದರ ಹಿಂದೊಂದು ಬರುವ ದವಡೆ ಹಲ್ಲು ಎಷ್ಟನೆಯ ಸರದಿಯದು ಅಂತ ನೋಡಿ ಬಹುಪಾಲು ಹರೆಯದವು ಅಂತಲೂ ಗೊತ್ತುಮಾಡಿದ್ದಾರೆ.

"ನಮ್ಮ ಬೇಲಿ ಮುರಿಯೋದೂ ಇಂಥವೇ" ಅಂತ ಅಪ್ಪ ಗೈಡ್‌ಗೆ ಹೇಳಿಸಿದರು. ನಾನು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಆಕೆಯ ಪ್ರಶ್ನೆಗಳು ಶುರು. ಊಟ ತಡವಾಗಿದ್ದು ಅದಕ್ಕೇ.

ನಾಳೆ ಅಮೆರಿಕದ ಅಧ್ಯಕ್ಷರ ಮುಖ ಕೆತ್ತಿರುವ ರಶ್‌ಮೋರ್ ಬೆಟ್ಟ. ಕಲ್ಲಿನ ಮುಖ ನೋಡೋಕೆ ಅಷ್ಟು ದೂರ ಯಾಕೆ ಅಂತ ಅಪ್ಪನಿಂದ ಈಗಲೇ ತಕರಾರು ಎದ್ದಿದೆ.