ತಪ್ಪು ಕನ್ನಡದ್ದಲ್ಲ

ಸಹಕಾರ ಸಂಘವೊಂದರ ತಂತ್ರಾಂಶದ ಪುಟಗಳನ್ನು ಕನ್ನಡಕ್ಕೆ ತರುವ ಕೆಲಸ ಕೈಗೆತ್ತಿಕೊಳ್ಳುವ ಮೊದಲೇ ನಮ್ಮ ಕಚೇರಿಯಲ್ಲಿ ಒಂದು ಮಾತು ಹುಟ್ಟಿಕೊಂಡಿತ್ತು: ಕನ್ನಡ ಹಾಕಿದರೆ ಏನಾದರೊಂದು ಕೆಡುತ್ತದೆ. ಹೇಳಿದವರಲ್ಲಿ ಕನ್ನಡದ ಮೇಲೆ ಪ್ರೀತಿ ಇಲ್ಲದವರು ಯಾರೂ ಇರಲಿಲ್ಲ. ಎಲ್ಲೋ ಒಮ್ಮೆ ಅಕ್ಷರಗಳು ಚೌಕಗಳಾಗಿದ್ದನ್ನು, ಪ್ರಶ್ನೆ ಚಿಹ್ನೆಗಳಾಗಿದ್ದನ್ನು ಕಂಡವರು ಅವರು. ಆದರೆ ಹಾವೇರಿ ಜಿಲ್ಲೆಯ ಆ ಸಂಘದಲ್ಲಿ ಬೆಳೆ ಸಾಲದ ಕಂತು ಕಟ್ಟಿದ ರೈತ, ತನ್ನದೇ ರಸೀದಿಯನ್ನು ಗುಮಾಸ್ತರಿಂದ ಓದಿಸಿಕೊಂಡು ಹೋಗುವುದನ್ನು ನಾನು ನೋಡಿದ್ದೆ. ಹಣ ಅವನದು, ಖಾತೆ ಅವನದು, ಕಾಗದ ಮಾತ್ರ ಅವನದಲ್ಲದ ಭಾಷೆಯಲ್ಲಿ. ಅದು ಬದಲಾಗಲೇಬೇಕು ಎಂದು ಪಟ್ಟು ಹಿಡಿದವಳು ನಾನೇ.

ತಂತ್ರಾಂಶ ಹಳೆಯದು, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಪುಟಗಳೆಲ್ಲ ಜೆಎಸ್‌ಪಿ, ಅಂದರೆ ಎಚ್‌ಟಿಎಂಎಲ್ ಪುಟದ ನಡುವೆ ಜಾವಾ ತುಣುಕುಗಳನ್ನು ಸೇರಿಸಿ ಬರೆದವು. ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಹೊರತಂದ ಈ ಟೆಂಪ್ಲೇಟ್ ಪದ್ಧತಿ ಇಂದಿಗೂ ನಮ್ಮಲ್ಲಿ ಎಷ್ಟೋ ಕಚೇರಿಗಳ ಲೆಕ್ಕಪತ್ರಗಳನ್ನು ಹೊತ್ತು ನಡೆಸುತ್ತಿದೆ. ನನ್ನ ಕಿರಿಯ ಸಹೋದ್ಯೋಗಿ ಪುಟಗಳ ತಲೆಭಾಗವಾದ ಹೆಡರ್ ಕಡತದಲ್ಲಿ ಸಂಘದ ಹೆಸರು, ಮೆನು, ದಿನಾಂಕದ ಸಾಲು ಎಲ್ಲವನ್ನೂ ಕನ್ನಡದಲ್ಲಿ ಬರೆದು ಪರೀಕ್ಷಾ ಸರ್ವರ್‌ಗೆ ಏರಿಸಿದ್ದಳು. ಮರುದಿನ ಬೆಳಿಗ್ಗೆ ಒಂದು ಪುಟವೂ ತೆರೆಯಲಿಲ್ಲ. ಎಲ್ಲಿ ಒತ್ತಿದರೂ 500ರ ದೋಷ, ಅಂದರೆ ಸರ್ವರ್‌ನ ಒಳಗೇ ಏನೋ ಕೆಟ್ಟಿದೆ ಎಂಬ ಸಂದೇಶ.

"ಮೇಡಂ, ಹೆಡರ್‌ಗೆ ಕನ್ನಡ ಹಾಕಿದ್ದೇ ತಡ, ಎಲ್ಲವೂ ನಿಂತುಹೋಗಿದೆ. ಸದ್ಯಕ್ಕೆ ಇಂಗ್ಲಿಷ್ ಹೆಡರನ್ನೇ ಹಾಕಿಬಿಡಲೇ?" ಎಂದಳು.

ಬೇಡ ಎಂದೆ. ದೋಷದ ಸಂದೇಶವನ್ನು ಕೊನೆಯವರೆಗೆ ಓದೋಣ ಎಂದೆ.

ಸಂದೇಶ ಸ್ಪಷ್ಟವಾಗಿಯೇ ಇತ್ತು. ಪುಟದ ಬಗೆ, ಅಕ್ಷರ ಸಂಕೇತ ಯಾವುದೆಂದು ಹೇಳುವ ಕಂಟೆಂಟ್‌ಟೈಪ್ ಎಂಬ ಸೂಚನೆ ಎರಡು ಬಾರಿ, ಬೇರೆ ಬೇರೆ ಮೌಲ್ಯಗಳೊಂದಿಗೆ ಬಂದಿದೆ, ಹಾಗೆ ಬರುವಂತಿಲ್ಲ. ಹಳೆಯ ಮೌಲ್ಯ ಐಎಸ್‌ಒ-8859-1, ಹೊಸದು ಕನ್ನಡವನ್ನೂ ಬರೆಯಬಲ್ಲ ಯುಟಿಎಫ್-8. ಹೆಡರ್ ಕಡತವನ್ನು ಪುಟಗಳು ಇನ್‌ಕ್ಲೂಡ್ ಸೂಚನೆಯಿಂದ ಸೇರಿಸಿಕೊಂಡಿದ್ದವು. ಈ ಬಗೆಯ ಸೇರ್ಪಡೆಯಲ್ಲಿ ಕಂಪೈಲ್ ಆಗುವ, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ಬರುವ ಮುನ್ನವೇ ಹೆಡರ್ ಮತ್ತು ಪುಟ ಬೆರೆತು ಒಂದೇ ಆಗಿಬಿಡುತ್ತವೆ. ಹೆಡರ್‌ನಲ್ಲಿ ಯುಟಿಎಫ್-8 ಎಂದು ನಾವು ಬರೆದಿದ್ದೆವು. ಪುಟಗಳ ಮೊದಲ ಸಾಲಿನಲ್ಲಿ ಐಎಸ್‌ಒ-8859-1 ಎಂದು ಬರೆದವರು ಯಾರು? ಯಾರೂ ಅಲ್ಲ. ಪ್ರೋಗ್ರಾಂ ಬರೆಯುವ ಸಾಧನವಾದ ಆ ಕಾಲದ ಎಕ್ಲಿಪ್ಸ್‌ನಲ್ಲಿ ಹೊಸ ಜೆಎಸ್‌ಪಿ ಮಾಡಿದರೆ ಆ ಸಾಲು ತಾನಾಗಿಯೇ ಬಂದು ಕೂರುತ್ತಿತ್ತು. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಅಕ್ಷರಪಟ್ಟಿ ಅದು. ಹಾವೇರಿಯ ರೈತರ ಖಾತೆಗಳನ್ನು ತೋರಿಸುವ ಪುಟಗಳು ಅಷ್ಟು ವರ್ಷ ಆ ಘೋಷಣೆಯನ್ನು ಹೊತ್ತುಕೊಂಡಿದ್ದವು, ಇಂಗ್ಲಿಷ್ ಮಾತ್ರ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಎಲ್ಲ ಪುಟಗಳಲ್ಲೂ ಒಟ್ಟಿಗೆ ಹುಡುಕಿ ಬದಲಿಸಿದೆವು. ಬಹುಪಾಲು ಪುಟಗಳು ಎದ್ದವು. ಆದರೆ ಷೇರು ವಿಭಾಗದ ಕೆಲವು ಅದೇ ದೋಷವನ್ನು ತೋರಿಸುತ್ತಲೇ ಇದ್ದವು, ಮತ್ತು ಈಗ ಹಳೆಯದು, ಹೊಸದು ಎರಡೂ ಯುಟಿಎಫ್-8! ಸಹೋದ್ಯೋಗಿ ಪರದೆಗೆ ಮುಖವಿಟ್ಟು ಎರಡೂ ಸಾಲುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿದಳು. ಒಂದರಲ್ಲಿ ಅರ್ಧವಿರಾಮದ ನಂತರ ಒಂದು ತೆರಪು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅಷ್ಟೇ. ಪುಟಗಳನ್ನು ನಡೆಸುವ ಸರ್ವರ್ ತಂತ್ರಾಂಶವಾದ ಟಾಮ್‌ಕ್ಯಾಟ್ ಈ ಎರಡು ಮೌಲ್ಯಗಳ ಅರ್ಥವನ್ನು ನೋಡುವುದಿಲ್ಲ, ಅಕ್ಷರಗಳು ಎರಡರಲ್ಲೂ ಒಂದೇ ಆಗಿವೆಯೇ ಎಂದಷ್ಟೇ ನೋಡುತ್ತದೆ. ಅವಳೇ ಕಂಡುಹಿಡಿದ ಆ ತೆರಪು ಆ ದಿನದ ನನ್ನ ದೊಡ್ಡ ಸಂತೋಷ.

ಜೆಎಸ್‌ಪಿ ಪುಟ ಕಂಪೈಲ್ ಆಗುವುದು ಯಾರಾದರೂ ಅದನ್ನು ಮೊದಲ ಬಾರಿ ತೆರೆದಾಗ. ಹಾಗಾಗಿ ದೋಷಗಳು ಒಂದೇ ಸಲಕ್ಕೆ ಬರುವುದಿಲ್ಲ. ಸಂಘದ ಸಿಬ್ಬಂದಿ ಒಂದೊಂದೇ ಪುಟವನ್ನು ತೆರೆದಂತೆ ಫೋನ್ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಂದದ್ದು ಸಾಲದ ಅರ್ಜಿಯ ಪುಟ. 'ಅಮಾನ್ಯ ಯೂನಿಕೋಡ್' ಎಂಬ ಅರ್ಥದ ಸಂದೇಶ. ಯೂನಿಕೋಡ್ ಎಂಬ ಪದ ಕಂಡ ಕೂಡಲೇ ಪಕ್ಕದ ಮೇಜಿನವರೂ ಎದ್ದು ಬಂದರು, ನೋಡಿ, ನಾವು ಹೇಳಲಿಲ್ಲವೇ ಎನ್ನುವಂತೆ.

ಇಂಥ ಹೊತ್ತಿನಲ್ಲಿ ನಾನು ಜೆಎಸ್‌ಪಿ ಕಡತವನ್ನು ಬದಿಗಿಟ್ಟು ಟಾಮ್‌ಕ್ಯಾಟ್‌ನ ವರ್ಕ್ ಫೋಲ್ಡರ್ ತೆರೆಯುತ್ತೇನೆ. ಒಳಗೆ ಕ್ಯಾಟಲಿನಾ, ಲೋಕಲ್‌ಹೋಸ್ಟ್, ತಂತ್ರಾಂಶದ ಹೆಸರು, ಹೀಗೆ ಒಂದೊಂದೇ ಫೋಲ್ಡರ್ ದಾಟಿ ಹೋದರೆ, ಪ್ರತಿ ಪುಟಕ್ಕೂ ಜಾಸ್ಪರ್ ಎಂಬ ಅನುವಾದಕ ತಯಾರಿಸಿದ ಜಾವಾ ಕಡತ ಸಿಗುತ್ತದೆ. ನಾವು ಬರೆದ ಟೆಂಪ್ಲೇಟ್ ಅಲ್ಲಿ ಒಂದು ಸರ್ವ್‌ಲೆಟ್, ಅಂದರೆ ಸರ್ವರ್‌ನಲ್ಲಿ ಓಡುವ ಜಾವಾ ಪ್ರೋಗ್ರಾಂ, ಆಗಿರುತ್ತದೆ: ಎಚ್‌ಟಿಎಂಎಲ್‌ನ ಪ್ರತಿ ಸಾಲೂ 'ಔಟ್ ರೈಟ್' ಎಂಬ ಆಜ್ಞೆಯ ಉದ್ಧರಣ ಚಿಹ್ನೆಗಳ ನಡುವೆ, ನಮ್ಮ ಜಾವಾ ತುಣುಕುಗಳು ಇದ್ದ ಹಾಗೆಯೇ. ಕಂಪೈಲರ್ ಓದುವುದು ಈ ಕಡತವನ್ನು. ಟೆಂಪ್ಲೇಟ್‌ನೊಳಗೆ ಎಷ್ಟು ಹುಡುಕಿದರೂ ಕಾಣದ ದೋಷ ಇಲ್ಲಿ ಎದುರಿಗೇ ಕಾಣುತ್ತದೆ. ಜೆಎಸ್‌ಪಿಯಲ್ಲಿ ಕೆಲಸ ಮಾಡುವ ಹೊಸಬರಿಗೆ ಮೊದಲ ವಾರದಲ್ಲೇ ಈ ಫೋಲ್ಡರ್ ತೋರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಲಿ ಕಂಡದ್ದು ಏನು? ಕನ್ನಡದ ಸಾಲುಗಳೆಲ್ಲ ಸರಿಯಾಗಿಯೇ ಇದ್ದವು. 'ಅರ್ಜಿದಾರರ ಹೆಸರು', 'ಜಮೀನಿನ ಸರ್ವೆ ನಂಬರ್', 'ಜಾಮೀನುದಾರರು', ಎಲ್ಲವೂ ಜಾವಾ ಕಡತದ ನಡುವೆ ಅಚ್ಚುಕಟ್ಟಾಗಿ ಕೂತಿದ್ದವು. ದೋಷ ಇದ್ದದ್ದು ಜಾವಾ ತುಣುಕೊಂದರ ಟಿಪ್ಪಣಿಯಲ್ಲಿ, ಅಂದರೆ ಓದುವವರಿಗೆಂದು ಬರೆದ, ಯಂತ್ರ ನಡೆಸದ ಸಾಲಿನಲ್ಲಿ. ಹಳೆಯ ಇಂಗ್ಲಿಷ್ ಪ್ರತಿಯನ್ನು ಎಲ್ಲಿ ಇಡಲಾಗಿದೆ ಎಂದು ಯಾರೋ ಫೋಲ್ಡರ್‌ನ ದಾರಿ ಬರೆದಿದ್ದರು, ವಿಂಡೋಸ್ ರೀತಿಯಲ್ಲಿ, ಬ್ಯಾಕ್‌ಸ್ಲ್ಯಾಶ್ ಎಂಬ ಹಿಂಬಾಗಿದ ಗೆರೆ ಹಾಕಿ. ಕೊನೆಯ ಫೋಲ್ಡರ್‌ನ ಹೆಸರು ಯುಟಿಲ್ಸ್. ಬ್ಯಾಕ್‌ಸ್ಲ್ಯಾಶ್ ಆದ ಕೂಡಲೇ ಇಂಗ್ಲಿಷಿನ ಸಣ್ಣ 'ಯು' ಬಂದರೆ, ಜಾವಾ ಅದನ್ನು ಒಂದು ಯೂನಿಕೋಡ್ ಅಕ್ಷರದ ಸಂಕೇತ ಎಂದೇ ತಿಳಿಯುತ್ತದೆ ಮತ್ತು ಮುಂದೆ ಹದಿನಾರರ ಮಾನದ (ಸೊನ್ನೆಯಿಂದ ಒಂಬತ್ತು, ಆಮೇಲೆ ಎ ಇಂದ ಎಫ್) ನಾಲ್ಕು ಅಂಕಿಗಳನ್ನು ನಿರೀಕ್ಷಿಸುತ್ತದೆ. ನಮ್ಮ 'ಕ' ಬೇಕಾದರೆ ಸೊನ್ನೆ, ಸಿ, ಒಂಬತ್ತು, ಐದು ಎಂದು ಬರಬೇಕು. ಇಲ್ಲಿ ಬಂದದ್ದು 'ಟಿಲ್ಸ್'. ಟಿಪ್ಪಣಿಯೊಳಗಿದ್ದರೆ ಬಿಟ್ಟುಬಿಡಬಾರದೇ ಎಂದರೆ, ಬಿಡುವುದಿಲ್ಲ. ಯಾವುದು ಟಿಪ್ಪಣಿ, ಯಾವುದು ಆಜ್ಞೆ ಎಂದು ವಿಂಗಡಿಸುವ ಮೊದಲೇ ಜಾವಾ ಈ ಸಂಕೇತಗಳನ್ನು ಬಿಡಿಸಿ ಮುಗಿಸಿರುತ್ತದೆ. ಬ್ಯಾಕ್‌ಸ್ಲ್ಯಾಶ್‌ಗಳನ್ನು ಮುಂಬಾಗಿದ ಗೆರೆಗಳಾಗಿ ತಿದ್ದಿದೆವು, ಪುಟ ತೆರೆಯಿತು. ಆ ಸಾಲಿನಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ ಎಂಬುದನ್ನು ನಾನು ಎಲ್ಲರಿಗೂ ಕರೆದು ತೋರಿಸಿದೆ.

ಇಷ್ಟರ ಮೇಲೆ ಪುಟಗಳ ಅಡಿಭಾಗ ಕಲಸಿಹೋಗಿತ್ತು. ಮೇಲೆಲ್ಲ ಕನ್ನಡ ಸರಿ, ಅಡಿಯಲ್ಲಿನ ವಿಳಾಸದ ಸಾಲು ಮಾತ್ರ ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳು. ಇದು ಕಂಪೈಲ್ ದೋಷವಲ್ಲ, ಆದರೆ ಬೇರು ಒಂದೇ. ಸೇರಿಸಿಕೊಂಡ ಪ್ರತಿ ಕಡತದ ಅಕ್ಷರ ಸಂಕೇತವನ್ನು ಜಾಸ್ಪರ್ ಬೇರೆಯಾಗಿಯೇ ನಿರ್ಧರಿಸುತ್ತದೆ. ಅಡಿಭಾಗದ ಕಡತವಾದ ಫೂಟರ್‌ನಲ್ಲಿ ಯಾವ ಘೋಷಣೆಯೂ ಇಲ್ಲದಿದ್ದುದರಿಂದ ಮತ್ತೆ ಅದೇ 8859-1. ಒಂದೊಂದೇ ಕಡತಕ್ಕೆ ಸಾಲು ಸೇರಿಸುವ ಬದಲು ಇಡೀ ತಂತ್ರಾಂಶದ ಹೊಂದಿಕೆಗಳಿರುವ ವೆಬ್ ಎಕ್ಸ್‌ಎಂಎಲ್ ಕಡತದಲ್ಲಿ, ಹಲವು ಪುಟಗಳಿಗೆ ಒಟ್ಟಿಗೆ ನಿಯಮ ಹೇಳುವ ಜೆಎಸ್‌ಪಿ ಪ್ರಾಪರ್ಟಿ ಗ್ರೂಪ್ ಬರೆದು, ಎಲ್ಲ ಟೆಂಪ್ಲೇಟ್‌ಗಳೂ ಯುಟಿಎಫ್-8 ಎಂದು ಒಂದೇ ಕಡೆ ಹೇಳಿದೆವು. 2003ರ ಜೆಎಸ್‌ಪಿ 2.0ರಿಂದಲೂ ಈ ಸೌಲಭ್ಯ ಇದೆ.

ಅದನ್ನು ಸೇರಿಸಿದ ಕೂಡಲೇ ಮುದ್ರಣದ ಪುಟಗಳು ಬಿದ್ದವು. ಗ್ರೂಪ್ ಹೇಳುವ ಸಂಕೇತ ಒಂದು, ಪುಟ ಹೇಳುವುದು ಇನ್ನೊಂದು ಎಂದು ಆಕ್ಷೇಪ. ಅವು ರಸೀದಿಯ ಪುಟಗಳು. ಮುದ್ರಣಕ್ಕೆ ಹೆಡರ್ ಬೇಡ, ಆದ್ದರಿಂದ ಬೆಳಗಿನ ದೋಷ ಅವುಗಳನ್ನು ತಟ್ಟಿರಲಿಲ್ಲ. ಅವು ಬೇರೆ ಫೋಲ್ಡರ್‌ನಲ್ಲಿದ್ದುದರಿಂದ ನಮ್ಮ ಹುಡುಕಾಟಕ್ಕೂ ಸಿಕ್ಕಿರಲಿಲ್ಲ. ಆ ಆಕ್ಷೇಪ ಬಾರದೇ ಹೋಗಿದ್ದರೆ, ಯಾವ ಕಾಗದಕ್ಕಾಗಿ ಇಷ್ಟೆಲ್ಲ ಕೆಲಸವೋ ಅದೇ ಕಾಗದ ಕಲಸಿದ ಅಕ್ಷರಗಳೊಂದಿಗೆ ರೈತನ ಕೈ ಸೇರುತ್ತಿತ್ತು. ಕಂಪೈಲ್ ದೋಷವನ್ನು ಶತ್ರು ಎಂದು ಕಾಣುವವರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ.

ಸಂಜೆಗೆ ಉಳಿದದ್ದು ಖಾತೆ ಪುಸ್ತಕದ ಪುಟ ಒಂದೇ. ಪುಟದ ಮೆಥಡ್ (ಒಟ್ಟಿಗೆ ನಡೆಯುವ ಆಜ್ಞೆಗಳ ಗುಂಪು) 65,535 ಬೈಟ್‌ಗಳ ಮಿತಿ ಮೀರಿದೆ ಎಂಬ ದೋಷ. ಸಹೋದ್ಯೋಗಿ ತಕ್ಷಣ, "ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟ್ ಅಲ್ಲವೇ ಮೇಡಂ, ಅದಕ್ಕೇ ಇರಬೇಕು" ಎಂದಳು. ಬುದ್ಧಿವಂತಿಕೆಯ ಊಹೆ. ಯುಟಿಎಫ್-8ರಲ್ಲಿ ಮೂರು ಬೈಟ್ ಎಂಬುದು ನಿಜವೂ ಹೌದು. ಆದರೆ ಆ ಮಿತಿ ಇರುವುದು ಮೆಥಡ್‌ನ ಆಜ್ಞೆಗಳಿಗೆ. ಪಠ್ಯ, ಕಂಪೈಲ್ ಆದ ಮೇಲೆ ಸಿಗುವ ಕ್ಲಾಸ್ ಕಡತದಲ್ಲಿ ಬೇರೆಯ ಜಾಗದಲ್ಲಿರುತ್ತದೆ, ಆಜ್ಞೆಯಲ್ಲಿ ಅದರ ಕ್ರಮಸಂಖ್ಯೆ ಮಾತ್ರ. ಸಾಲು ಕನ್ನಡದ್ದಿರಲಿ ಇಂಗ್ಲಿಷಿನದ್ದಿರಲಿ, ಮೆಥಡ್‌ಗೆ ಒಂದೇ ತೂಕ. ಪಠ್ಯದ ಒಂದೊಂದು ತುಣುಕಿಗೂ ಅಷ್ಟೇ ಬೈಟ್‌ಗಳ ಮಿತಿ ಇದೆ ನಿಜ, ಆದರೆ ಜಾಸ್ಪರ್ ಸಾಲು ಸಾಲಾಗಿ ಒಡೆಯುವುದರಿಂದ ನಮ್ಮ ಯಾವ ಸಾಲೂ ಅದರ ಹತ್ತಿರ ಸುಳಿಯುವುದಿಲ್ಲ. ತೂಕ ಹೆಚ್ಚಿದ್ದು, ಭಾಷೆ ಬದಲಿಸುವ ಅನುಕೂಲಕ್ಕೆಂದು ಆ ಪುಟದಲ್ಲಿ ಹೆಸರುಗಳ ಜಾಗಕ್ಕೆ ಹಾಕಿದ್ದ, ಆಯ್ದ ಭಾಷೆಯ ಪದವನ್ನು ತಂದಿಡುವ ಟ್ಯಾಗ್‌ಗಳಿಂದ, ಅದರಲ್ಲೂ ಜಾವಾ ತುಣುಕುಗಳ ಜೊತೆ ಹೆಣೆದುಕೊಂಡವುಗಳಿಂದ. ಒಂದು ಟ್ಯಾಗ್ ಜಾವಾದಲ್ಲಿ ಹಲವು ಸಾಲುಗಳಾಗಿ ಹರಡುತ್ತದೆ. ಠೇವಣಿ, ಸಾಲ, ಷೇರು ಎಂದು ಪುಟವನ್ನು ಮೂರು ಕಡತಗಳಾಗಿ ಒಡೆದು, ಪುಟ ತೆರೆಯುವ ಹೊತ್ತಿಗೆ ಸೇರುವ ಬಗೆಯ ಇನ್‌ಕ್ಲೂಡ್‌ನಿಂದ ಜೋಡಿಸಿದೆವು. ಹಾಗೆ ಸೇರಿಸಿದರೆ ಪ್ರತಿ ಕಡತವೂ ಬೇರೆ ಸರ್ವ್‌ಲೆಟ್, ಬೇರೆ ಮೆಥಡ್.

ಆಮೇಲೆ ಸಹೋದ್ಯೋಗಿಗೆ ಇನ್ನೊಂದು ಕೆಲಸ ವಹಿಸಿದೆ. ಟಾಮ್‌ಕ್ಯಾಟ್‌ನ ಜೊತೆಗೇ ಬರುವ ಜೆಎಸ್‌ಪಿಸಿ ಎಂಬ ಸಾಧನ ಎಲ್ಲ ಟೆಂಪ್ಲೇಟ್‌ಗಳನ್ನೂ ಯಾರೂ ತೆರೆಯದೆಯೇ ಜಾವಾಕ್ಕೆ ಅನುವಾದಿಸಿ ಕಂಪೈಲ್ ಮಾಡಿ ನೋಡುತ್ತದೆ. ಅದನ್ನು ಅವಳು ನಮ್ಮ ಬಿಲ್ಡ್‌ಗೆ, ಅಂದರೆ ಸರ್ವರ್‌ಗೆ ಏರಿಸುವ ಮುನ್ನ ತಂತ್ರಾಂಶವನ್ನು ಕಟ್ಟುವ ಹಂತಕ್ಕೆ ಸೇರಿಸಿದಳು. ಈಗ ಒಂದು ತೆರಪು ಹೆಚ್ಚಾದರೂ ದೋಷ ಮೊದಲು ನಮ್ಮ ಪರದೆಯ ಮೇಲೆ ಬರುತ್ತದೆ, ಸಂಘದ ಕೌಂಟರ್‌ನಲ್ಲಲ್ಲ. ಅದು ಮೊದಲ ಸಲ ಓಡಿದಾಗಲೇ, ಯಾರೂ ತೆರೆದು ನೋಡದೆ ಉಳಿದಿದ್ದ ಲಾಭಾಂಶ ಹಂಚಿಕೆಯ ಪುಟದಲ್ಲಿ ಇನ್ನೊಂದು 8859-1 ಹಿಡಿದುಕೊಟ್ಟಿತು.